ದಹಿಸರ್ ಕಣಜವನ್ನು ಹಿಡಿದವರು

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಒಮ್ಮೆ ಬರೆದಿದ್ದೆ, ನನ್ನ ಕೈಲಾದಷ್ಟು ಚಂದಕ್ಕೆ ಬರೆದಿದ್ದೆ. ಅದರಿಂದ ಏನಾಯಿತು ಎಂದು ಹೇಳುವುದಕ್ಕೇ ಈಗ ಕೂತಿದ್ದೇನೆ. ಕಳೆದ ವಾರ ಬಾಗಲಕೋಟೆ ಕಡೆಯಿಂದ ಅವರ ಮಗಳು ಬರೆದ ಕಾರ್ಡೊಂದು ಆಂಟಾಪ್ ಹಿಲ್ಲಿನ ನಮ್ಮ ಮನೆಗೆ ಬಂತು. ಅಪ್ಪ ತೀರಿಕೊಂಡರು, ನಿಮ್ಮ ವಿಳಾಸ ಅವರ ಹಳೆಯ ವಹಿಯಲ್ಲಿತ್ತು, ತಿಳಿಸಬೇಕೆನಿಸಿತು ಎಂದು ನಾಲ್ಕೇ ಸಾಲು. ಕೊನೆಯಲ್ಲಿ, ಅಪ್ಪ ನಿಮ್ಮ ವಿಷಯಕ್ಕೆ ಯಾವಾಗಲೂ ಒಳ್ಳೆಯ ಮಾತನ್ನೇ ಆಡುತ್ತಿದ್ದರು ಎಂದು ಬರೆದಿದ್ದಳು. ಆ ಸಾಲು ಇರದಿದ್ದರೆ ನಾನು ಆ ದಿನ ಊಟ ಮಾಡುತ್ತಿದ್ದೆ.

ಎಲ್ಲರೂ ಅವರನ್ನು ಮಾಸ್ತರರು ಎನ್ನುತ್ತಿದ್ದರು. ಹರೆಯದಲ್ಲಿ ಎರಡು ವರ್ಷ ವಿಜಾಪುರದ ಒಂದು ಶಾಲೆಯಲ್ಲಿ ಪಾಠ ಹೇಳಿದ್ದರಂತೆ, ಅಷ್ಟಕ್ಕೇ ಆ ಹೆಸರು ಜನ್ಮಕ್ಕೆ ಅಂಟಿಕೊಂಡಿತು. ನಾನು ಕಂಡಾಗ ಅವರು ಮುಂಬಯಿ ಫೋರ್ಟಿನ ಒಂದು ಹಳೆಯ ಸಂಸ್ಥೆಯ ಕೀಟ ವಿಭಾಗದಲ್ಲಿದ್ದರು. ವಿಭಾಗವೆಂದರೆ ದೊಡ್ಡದೇನಲ್ಲ. ಎರಡು ಕೋಣೆ, ಇಪ್ಪತ್ತು ಕಪಾಟು, ನೆಫ್ತಲೀನ್ ಗುಳಿಗೆಯ ವಾಸನೆ, ಮತ್ತು ಅವರು. ಧೋತರದ ಮೇಲೆ ಕೋಟು, ತಲೆಗೆ ಕಪ್ಪು ಟೋಪಿ, ಬಲಗಿವಿಯ ಮೇಲೆ ಬಡಗಿಯ ಹಾಗೆ ಸಿಕ್ಕಿಸಿದ ಪೆನ್ಸಿಲ್ ತುಂಡು. ಹಾಜರಿ ಪುಸ್ತಕಕ್ಕೂ ಪೆನ್ಸಿಲ್ಲಿನಲ್ಲೇ ಸಹಿ ಹಾಕುತ್ತಿದ್ದರು. ದೊಡ್ಡ ಸಾಹೇಬರು ಎರಡು ಸಲ ಕರೆದು ಹೇಳಿದರು, ಮೂರನೆಯ ಸಲ ತಾವೇ ಸುಮ್ಮನಾದರು. ಶಾಯಿಗೆ ನಾಲ್ಕು ದಿನದ ಡೌಲು, ಪೆನ್ಸಿಲ್ ಮಾತ್ರ ಕೊನೀತನಕ ಬರತದ ಎಂದು ಅವರು ಹೇಳುವುದಿತ್ತು. ಇದು ಜಿಪುಣತನಕ್ಕೆ ಹೊದಿಸಿದ ಶಾಲು ಎಂದು ನಾನು ತಿಳಿದಿದ್ದೆ. ಯಾಕೆ ಹಾಗೆನ್ನುತ್ತೀರಿ ಎಂದು ಒಂದೇ ಒಂದು ಸಲ ಕೇಳಿದ್ದರೂ ಸಾಕಿತ್ತು. ಕೇಳಲಿಲ್ಲ.

ಅವರ ಬಿಡಾರ ಘಾಟ್ಕೋಪರಿನ ಚಾಳಿನಲ್ಲಿ. ಸ್ಟೇಷನ್ನಿನ ಹೊರಗೆ ಕೂರುತ್ತಿದ್ದ ತರಕಾರಿಯವನು ಹುಳುಕು ಬದನೆಕಾಯಿಯನ್ನೆಲ್ಲ ಒಂದು ಬುಟ್ಟಿಯಲ್ಲಿ ಬೇರೆ ಎತ್ತಿಟ್ಟು ಇವರಿಗಾಗಿ ಕಾಯುತ್ತಿದ್ದ. ಸಂಜೆ ಲೋಕಲ್ ಇಳಿದು ಬರುತ್ತಲೇ, ಸಾಬ್, ಆಜ್ ಅಚ್ಛಾ ಕೀಡಾ ಹೈ ಎಂದು ಕೂಗುತ್ತಿದ್ದ. ಅಕ್ಕಪಕ್ಕದ ಗಿರಾಕಿಗಳು ಬೆಚ್ಚಿ ತಮ್ಮ ಚೀಲ ಇಣುಕಿ ನೋಡಿಕೊಳ್ಳುತ್ತಿದ್ದರು. ಮಾಸ್ತರರು ಅದನ್ನು ಮನೆಗೆ ಒಯ್ದು, ಹುಳುಗಳನ್ನು ಗಾಜಿನ ಲೋಟಗಳಲ್ಲಿ ಸಾಕಿ, ಯಾವುದರ ಹೊಟ್ಟೆಯಿಂದ ಏನು ಹೊರಬರುತ್ತದೆ ಎಂದು ಕಾಯುತ್ತಿದ್ದರು. ನಾನೊಂದು ಸಲ ಅವರ ಮನೆಗೆ ಊಟಕ್ಕೆ ಹೋದಾಗ ನೀರು ಕುಡಿಯಲು ಮನೆಯಲ್ಲಿ ಒಂದು ಲೋಟ ಮಾತ್ರ ಖಾಲಿ ಇತ್ತು. ಅವರ ಹೆಂಡತಿ ರೊಟ್ಟಿ ಬಡಿಸುತ್ತ ಹೇಳಿದರು: “ಎಲ್ಲಾರ ಮನ್ಯಾಗ ಹುಳಾ ತಗದು ಬದನಿಕಾಯಿ ಇಟ್ಕೋತಾರ. ನಮ್ಮ ಮನ್ಯಾಗ ಬದನಿಕಾಯಿ ಒಗದು ಹುಳಾ ಇಟ್ಕೋತಾರ.”

ಅವರು ಕಾಯುತ್ತಿದ್ದದ್ದು ಒಂದು ಬಗೆಯ ಕಣಜಕ್ಕೆ. ನಮಗೆ ಕಣಜವೆಂದರೆ ಗೋಡೆಯ ಮೂಲೆಯಲ್ಲಿ ಗೂಡು ಕಟ್ಟಿ ಕುಟುಕುವುದು. ಇದು ಹಾಗಲ್ಲ, ಎಳ್ಳುಕಾಳಿನಷ್ಟು ಗಾತ್ರ. ಬದುಕಿರುವ ಕಂಬಳಿಹುಳದ ಮೈಯೊಳಗೆ ಮೊಟ್ಟೆ ಇಡುತ್ತದೆ. ಮರಿಗಳು ಒಳಗೇ ಅದನ್ನು ತಿಂದು ಬೆಳೆದು, ಕೊನೆಗೆ ಚರ್ಮ ತೂತು ಮಾಡಿ ಹೊರಬಂದು, ಅದರ ಬೆನ್ನ ಮೇಲೆಯೇ ಅಕ್ಕಿಕಾಳಿನಂಥ ಬಿಳಿ ಗೂಡು ಕಟ್ಟುತ್ತವೆ. ನೋಡಿದವರೆಲ್ಲ ಕಂಬಳಿಹುಳ ಮೊಟ್ಟೆ ಇಟ್ಟಿದೆ ಎನ್ನುತ್ತಾರೆ. ಹಾಗೆ ಅಂದವರನ್ನು ಮಾಸ್ತರರು ನಿಲ್ಲಿಸಿ ತಿದ್ದದೆ ಬಿಡುತ್ತಿರಲಿಲ್ಲ, ಅವರು ಟ್ರೇನ್ ಹಿಡಿಯಲು ಓಡುತ್ತಿದ್ದರೂ ಸರಿಯೆ. ಅದು ತತ್ತಿ ಅಲ್ಲರೀ, ಇಷ್ಟು ದಿನ ಒಳಗ ಕುಂತು ಉಂಡವರು ಈಗ ಹೊರಗ ಬಂದು ಮನಿ ಕಟ್ಟ್ಯಾರ ಎನ್ನುತ್ತಿದ್ದರು. ಜನ ಅವರನ್ನು ಒಂದು ಥರ ನೋಡಿ ಮುಂದೆ ಹೋಗುತ್ತಿದ್ದರು.

ಎರಡನೆಯ ಮಹಾಯುದ್ಧಕ್ಕೂ ಹತ್ತು ವರ್ಷ ಮೊದಲು, ಅವರಿನ್ನೂ ಮೂವತ್ತರ ಆಸುಪಾಸಿನಲ್ಲಿದ್ದಾಗ, ದಹಿಸರ್ ನದಿಯ ಹತ್ತಿರದ ಒಂದು ತೋಟದಲ್ಲಿ ನುಗ್ಗೆಮರದ ಕಂಬಳಿಹುಳಗಳಿಂದ ಅಂಥ ಕಣಜವೊಂದನ್ನು ಸಾಕಿ ತೆಗೆದಿದ್ದರು. ಅದು ಯಾವ ಪುಸ್ತಕದಲ್ಲೂ ಇರಲಿಲ್ಲ. ಅವರೇ ಅದರ ವರ್ಣನೆ ಬರೆದು, ಅದಕ್ಕೆ ತಮ್ಮ ತಾಯಿಯ ಹೆಸರಿಟ್ಟು ಅಚ್ಚು ಹಾಕಿಸಿದರು. ಮೂವತ್ತು ವರ್ಷದ ನೌಕರಿಯಲ್ಲಿ ಅವರು ಹೆಸರಿಟ್ಟದ್ದು ಅದೊಂದಕ್ಕೇ. ಆ ಹಳದಿಗಟ್ಟಿದ ಹಾಳೆಗಳನ್ನು ನನಗೆ ತೋರಿಸಿದ ದಿನ ಅವರ ಮುಖದಲ್ಲಿ ಎಂದೂ ಕಾಣದ ಒಂದು ನಾಚಿಕೆ ಇತ್ತು.

“ನಮ್ಮವ್ವಗ ಅಕ್ಷರ ಬರಂಗಿಲ್ಲ, ಶೆಟ್ಟರ,” ಎಂದರು. “ಆದ್ರ ಆಕಿ ಹೆಸರು ಲ್ಯಾಟಿನ್ ಭಾಷಾದಾಗ ಅಚ್ಚಾಗೇತಿ. ಹೇಳಿದ್ರ ನಗತಾಳ.”

ಇನ್ನು ನನ್ನ ಸಂಗತಿ ಸ್ವಲ್ಪ ಹೇಳಬೇಕು, ಹೇಳದೆ ಕತೆ ಮುಂದೆ ಹೋಗುವುದಿಲ್ಲ. ನಾನು ಉಡುಪಿ ಕಡೆಯವನು. ಹನ್ನೊಂದನೆಯ ವಯಸ್ಸಿಗೆ ಮುಂಬಯಿಗೆ ಬಂದು ಮಾವನ ಹೋಟೆಲಿನಲ್ಲಿ ಮೇಜು ಒರೆಸಿದವನು. ಹೋಟೆಲ್ ಕೆಲಸದವರಿಗಾಗಿ ನಡೆಯುತ್ತಿದ್ದ ರಾತ್ರಿ ಶಾಲೆಯಲ್ಲಿ ಮೆಟ್ರಿಕ್ ಮುಗಿಸಿದೆ. ಲೆಕ್ಕದಲ್ಲಿ ನಾನು ಅಷ್ಟಕ್ಕಷ್ಟೆ. ಇದ್ದದ್ದೊಂದು ಕೈಬರಹ. ನಮ್ಮ ಮೇಷ್ಟ್ರು ನನ್ನ ಪುಸ್ತಕವನ್ನು ಎತ್ತಿ ಹಿಡಿದು ಇಡೀ ಕ್ಲಾಸಿಗೆ ತೋರಿಸುತ್ತಿದ್ದರು. ನೋಡಿ, ಎಷ್ಟು ಹಗುರ ಕೈ, ಹಾಳೆ ತಿರುಗಿಸಿದರೆ ಹಿಂದೆ ಒಂದು ಗುರುತೂ ಇಲ್ಲ ಎನ್ನುತ್ತಿದ್ದರು. ಆ ಹೊಗಳಿಕೆಯನ್ನು ಹೊತ್ತುಕೊಂಡೇ ನಾನು ಗುಮಾಸ್ತನಾದೆ. ಸಂಸ್ಥೆಯಲ್ಲಿ ನನಗೆ ಸಿಕ್ಕಿದ್ದು ಉಗ್ರಾಣದ ಕೆಲಸ, ಜೊತೆಗೆ ಟೈಪಿಂಗ್. ಆಗ ಇಪ್ಪತ್ತೇಳು ವರ್ಷ, ಮದುವೆಯೂ ಆಗಿತ್ತು. ಹಾಗಾಗಿ ತಿಳಿಯದ ವಯಸ್ಸು ಎಂಬ ನೆಪವೂ ನನಗಿಲ್ಲ.

ಮುಂಬಯಿಗೆ ಪಾನನಿಷೇಧ ಬಂದ ಕಾಲ ಅದು. ಹುಳುಗಳನ್ನು ಕೆಡದಂತೆ ಇಡುವ ಸ್ಪಿರಿಟ್ಟಿಗೂ ಅಬಕಾರಿ ಇಲಾಖೆಯ ಪರ್ಮಿಟ್ಟು ಬೇಕಿತ್ತು. ಅದು ಬರುವಷ್ಟರಲ್ಲಿ ಜಾಡಿಗಳಲ್ಲಿದ್ದ ಸ್ಪಿರಿಟ್ಟು ಅರ್ಧಕ್ಕರ್ಧ ಆರಿಹೋಗುತ್ತಿತ್ತು. ಒಂದು ವರ್ಷ ಅಂತೂ ಡಬ್ಬಿಗಳು ಬಂದವು. ಅದೇ ವಾರ ಮಾಸ್ತರರಿಗೆ ಊರಿನಿಂದ ತಂತಿ ಬಂತು, ತಾಯಿ ತೀರಿಕೊಂಡಿದ್ದರು. ಅವರು ಒಂದು ತಿಂಗಳ ರಜೆ ಹಾಕಿ ಹೊರಟರು. ಹೋಗುವಾಗ ಜಾಡಿಗಳಿಗೆ ಸ್ಪಿರಿಟ್ಟು ತುಂಬಿಸಿಡಿ ಎಂದಷ್ಟೇ ನನಗೆ ಹೇಳಿದರು.

ಹಿಂದಿನ ಸಾಲಿನ ಜಾಡಿಗಳು ಎಲ್ಲಕ್ಕಿಂತ ಹೆಚ್ಚು ಒಣಗಿದ್ದವು. ಯುದ್ಧದ ಸಮಯದಲ್ಲಿ ಬಾಂಬ್ ಬಿದ್ದೀತೆಂಬ ಹೆದರಿಕೆಯಲ್ಲಿ ಸಾಮಾನನ್ನೆಲ್ಲ ಊರ ಹೊರಗಿನ ಒಂದು ಗೋದಾಮಿಗೆ ಸಾಗಿಸಿ, ಮುಗಿದ ಮೇಲೆ ವಾಪಸು ತಂದಿದ್ದರಂತೆ. ಅರ್ಧ ಒಡೆದು, ಅರ್ಧ ಅದಲುಬದಲಾಗಿ ಬಂದಿತ್ತು. ಯಾರೂ ಬಿಡಿಸಿ ನೋಡದೆ ಹಿಂದೆ ತಳ್ಳಿದ್ದರು. ಒಂದು ಜಾಡಿಯಲ್ಲಿ ಹದಿನಾರು ಪುಟ್ಟ ಗಾಜಿನ ಕೊಳವೆಗಳಿದ್ದವು. ಬಾಯಿಗೆ ಹತ್ತಿ, ಒಳಗೆ ನಾಲ್ಕಾರು ಕಪ್ಪು ಚುಕ್ಕೆಗಳಂಥ ಹುಳು, ಮತ್ತು ಹುಳುವಿನ ಜೊತೆಯಲ್ಲೇ ಸ್ಪಿರಿಟ್ಟಿನಲ್ಲಿ ಮುಳುಗಿದ ಒಂದು ಚೀಟಿ. ಚೀಟಿಗಳು ಕಂದಿ, ಪೆನ್ಸಿಲ್ಲಿನಲ್ಲಿ ಗೀಚಿದ ಕಾಗೆಕಾಲು ಅಕ್ಷರಗಳಿಂದ ಹೊಲಸಾಗಿದ್ದವು. ನನಗೆ ಅದನ್ನು ನೋಡಲಾಗಲಿಲ್ಲ. ತಾಯಿಯನ್ನು ಕಳೆದುಕೊಂಡು ಬರುವ ಮನುಷ್ಯನಿಗೆ ಒಂದು ಉಪಕಾರ ಮಾಡೋಣ ಎಂದುಕೊಂಡೆ. ಎರಡು ಮಧ್ಯಾಹ್ನ ಕೂತು, ಒಳ್ಳೆಯ ಕಾಗದ ಕತ್ತರಿಸಿ, ಹದಿನಾರು ಚೀಟಿಯನ್ನೂ ನನ್ನ ನೀಲಿ ಶಾಯಿಯ ಪೆನ್ನಿನಲ್ಲಿ ನಕಲು ಮಾಡಿದೆ. ಊರು, ತಾರೀಕು, ಯಾವ ಗಿಡ, ಯಾವ ಹುಳ, ಹಿಡಿದವರು ಯಾರು. ಒಂದು ಚೀಟಿಯಲ್ಲಿ ದಹಿಸರ್ ಎಂದಿತ್ತು. ಇಂಗ್ಲಿಷಿನ ಡಿ ಅಕ್ಷರ ಬರೆಯುವುದೆಂದರೆ ನನಗೆ ವಿಶೇಷ ಖುಷಿ, ಅದಕ್ಕೊಂದು ಸುರುಳಿ ಬಾಲ ಎಳೆದೆ. ಶಾಯಿ ಒಣಗಿದ ಮೇಲೆ ಹೊಸ ಚೀಟಿಗಳನ್ನು ಒಳಗೆ ಹಾಕಿ, ಸ್ಪಿರಿಟ್ಟು ತುಂಬಿ, ಹತ್ತಿ ಒತ್ತಿ, ಹಳೆಯ ಚೀಟಿಗಳನ್ನು ಕಸದ ಬುಟ್ಟಿಗೆ ಎಸೆದೆ.

ಅವರು ಬಂದಾಗ ಕೈ ಹಿಡಿದು ಕರೆದೊಯ್ದು ತೋರಿಸಬೇಕೆಂದಿದ್ದೆ. ಆದರೆ ಬೋಳಿಸಿದ ತಲೆಯ ಮೇಲೆ ಆ ಕಪ್ಪು ಟೋಪಿ ಸಡಿಲವಾಗಿ ಕೂತದ್ದು ಕಂಡು ಬಾಯಿ ಬರಲಿಲ್ಲ. ಇನ್ನೊಂದು ದಿನ ಹೇಳಿದರಾಯಿತು ಎಂದು ಬಿಟ್ಟೆ. ಆಮೇಲೆ ನನಗೂ ಮರೆತುಹೋಯಿತು.

ಮರು ವರ್ಷ ಮಳೆಗಾಲಕ್ಕೆ ಮುಂಚೆ ಇಂಗ್ಲೆಂಡಿನಿಂದ ಅವರಿಗೊಂದು ಪತ್ರ ಬಂತು. ಬರೆದವನು ಈ ಜಾತಿಯ ಕಣಜಗಳ ಮೇಲೆ ದೊಡ್ಡ ಗ್ರಂಥ ಬರೆಯುತ್ತಿದ್ದ ವಿದ್ವಾಂಸ. ನಿಮ್ಮ ದಹಿಸರ್ ಕಣಜವೂ ಸಿಲೋನಿನಿಂದ ಇದಕ್ಕೂ ಮೊದಲೇ ಹೆಸರು ಪಡೆದ ಇನ್ನೊಂದೂ ಒಂದೇ ಎಂದು ನನಗೆ ಅನಿಸುತ್ತದೆ, ಬೇರೆ ಎನ್ನುವುದಾದರೆ ನೀವು ವರ್ಣಿಸಿದ ಮೂಲ ಮಾದರಿಯನ್ನು ನಾನು ನೋಡಬೇಕು, ಒಂದು ವರ್ಷದೊಳಗೆ ಅದು ಸಿಗದಿದ್ದರೆ ನೀವಿಟ್ಟ ಹೆಸರನ್ನು ತೆಗೆದು ಹಾಕಬೇಕಾಗುತ್ತದೆ ಎಂದು ಸಭ್ಯವಾಗಿ ಬರೆದಿದ್ದ. ಮೂಲ ಮಾದರಿ ಎಂದರೇನು ಎಂದು ನಾನು ಕೇಳಿದೆ.

“ಸರಕಾರಿ ಕಚೇರ್ಯಾಗ ಒಂದು ಅಸಲ ಸೇರು ಇಟ್ಟಿರ್ತಾರ ನೋಡ್ರಿ,” ಎಂದರು. “ಬಜಾರದಾಗಿನ ಸೇರೆಲ್ಲಾ ಅದಕ್ಕ ತಾಳೆ ನೋಡ್ತಾರ. ಇದೂ ಹಂಗ. ಯಾವ ಹುಳಾ ನೋಡಿ ನಾ ಹೆಸರಿಟ್ಟೆ, ಅದ ಅಸಲ. ಅದು ಇಲ್ಲ ಅಂದ್ರ ನಮ್ಮವ್ವ ಇಲ್ಲ.”

ಅವರಿಗೆ ಒಂದು ಗುಮಾನಿ ಇತ್ತು. ಸಿಲೋನಿನ ಕಣಜದ ಬೆನ್ನು ನುಣುಪು. ತಮ್ಮ ಕಣಜದ ಬೆನ್ನಿನ ಮೂರನೆಯ ಪಟ್ಟಿಯಲ್ಲಿ ಸಣ್ಣ ಗೆರೆಗಳಿದ್ದ ನೆನಪು. ಆದರೆ ಆ ಕಾಲಕ್ಕೆ ಅವರ ಬಳಿ ಒಳ್ಳೆಯ ಲೆನ್ಸ್ ಇರಲಿಲ್ಲ, ಹಾಗಾಗಿ ವರ್ಣನೆಯಲ್ಲಿ ಗೆರೆಯ ಮಾತು ಬರೆದಿರಲಿಲ್ಲ. ಈಗ ಹೌದೋ ಅಲ್ಲವೋ ಎಂದು ತಿಳಿಯಬೇಕಾದರೆ ಅವರಿಗೂ ಆ ಹುಳುವೇ ಬೇಕು. ಹಿಡಿದದ್ದನ್ನು ಅವರು ಆಗಿನ ರೂಢಿಯಂತೆ ಮೂರು ಪಾಲು ಮಾಡಿದ್ದರು. ಒಂದು ಪಾಲು ಯುರೋಪಿನ ಮ್ಯೂಸಿಯಮ್ಮಿಗೆ, ಒಂದು ಲಾಹೋರಿಗೆ, ಒಂದು ನಮ್ಮಲ್ಲಿಗೆ. ನಮ್ಮ ಪಾಲು ಗೋದಾಮಿನಲ್ಲಿ ಒಡೆದುಹೋಯಿತು ಎಂದು ಯಾರೋ ಯುದ್ಧದ ಪಟ್ಟಿಯಲ್ಲಿ ಬರೆದಿಟ್ಟಿದ್ದರು. ಮಾಸ್ತರರು ಅದನ್ನು ನಂಬಿದ್ದರು.

ಉಳಿದ ಎರಡು ಕಡೆಯ ವಿಳಾಸ ಪತ್ತೆ ಮಾಡುವಷ್ಟರಲ್ಲಿ ಎರಡು ತಿಂಗಳ ಮೇಲಾಯಿತು, ಆಮೇಲೆ ಪತ್ರ ಬರೆಯುವುದಾಯಿತು. ಅವರು ಹೇಳುತ್ತಿದ್ದರು, ನಾನು ಟೈಪ್ ಮಾಡುತ್ತಿದ್ದೆ. ಪತ್ರದ ಜೊತೆ ಕಳಿಸಲು ಹಳೆಯ ಚೀಟಿಯ ಒಕ್ಕಣೆಯನ್ನು ಅವರು ನೆನಪಿನಿಂದಲೇ ಹೇಳಿದರು: ದಹಿಸರ್, ನುಗ್ಗೆಮರದ ಕಂಬಳಿಹುಳದಿಂದ, ಹಿಡಿದವರು ಇಂಥವರು. ಡಿ ಅಕ್ಷರದ ಕೀಲಿ ಒತ್ತಿದವನಿಗೆ ನನ್ನ ಸುರುಳಿ ಬಾಲದ ಡಿ ಕಣ್ಣೆದುರಿಗೆ ಬಂತು.

ಅವರು ಊಟದ ಡಬ್ಬಿ ಬಿಚ್ಚಲು ಹೋದ ಮೇಲೆ ನಾನು ಹಿಂದಿನ ಸಾಲಿನ ಆ ಜಾಡಿ ಇಳಿಸಿದೆ. ಸಂತೋಷಕ್ಕೆ ಅದರ ಧೂಳನ್ನೂ ಒರೆಸಲಿಲ್ಲ. ಲಾಹೋರೂ ಬೇಡ, ಯುರೋಪೂ ಬೇಡ, ಇಲ್ಲೇ ಇದೆ ಸರ್ ಎಂದು ಓಡಿಹೋಗಿ ಹೇಳುವವನಿದ್ದೆ. ಜಾಡಿಯ ಸ್ಪಿರಿಟ್ಟು ಬಟ್ಟೆಗೆ ನೀಲಿ ಹಾಕಿದ ನೀರಿನ ಬಣ್ಣಕ್ಕೆ ತಿರುಗಿತ್ತು. ಕೊಳವೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದೆ. ಹದಿನಾರು ಕೊಳವೆ, ಹದಿನಾರು ಚೀಟಿ, ಎಲ್ಲವೂ ಬೆಳ್ಳಗೆ. ಸ್ಪಿರಿಟ್ಟಿನಲ್ಲಿ ಶಾಯಿ ಕರಗುತ್ತದೆ, ಪೆನ್ಸಿಲ್ ಕರಗುವುದಿಲ್ಲ. ಅವರು ಕಿವಿಯ ಮೇಲೆ ಪೆನ್ಸಿಲ್ ಯಾಕೆ ಇಡುತ್ತಾರೆಂದು ನನಗೆ ತಿಳಿದದ್ದು ಆ ಹೊತ್ತಿಗೆ. ಜಾಡಿಯನ್ನು ಮೊದಲಿನ ಜಾಗದಲ್ಲೇ ಇಟ್ಟು ಬಂದು ಟೈಪ್ ಮುಂದುವರಿಸಿದೆ.

ಇಲ್ಲಿಂದ ಮುಂದಿನದನ್ನು ಬರೆಯಲು ನನಗೆ ಕಷ್ಟ. ಒಂಬತ್ತು ತಿಂಗಳು ನಾನು ಏನೂ ಹೇಳಲಿಲ್ಲ. ಲಾಹೋರಿನಲ್ಲೋ ಯುರೋಪಿನಲ್ಲೋ ಸಿಕ್ಕಿಬಿಟ್ಟರೆ ನನ್ನ ತಪ್ಪನ್ನು ಯಾರಿಗೂ ಹೇಳುವ ಅಗತ್ಯವೇ ಬೀಳುವುದಿಲ್ಲ ಎಂಬುದು ನನ್ನ ಲೆಕ್ಕಾಚಾರ. ಟಪಾಲು ಬಂದಾಗಲೆಲ್ಲ ಅವರಿಗಿಂತ ಮೊದಲು ನಾನು ಲಕೋಟೆ ಹುಡುಕುತ್ತಿದ್ದೆ. ಅವರೋ ನನಗೆ ಈ ವಿಷಯದಲ್ಲಿ ಎಷ್ಟು ಕಾಳಜಿ ಎಂದು ಮೆಚ್ಚಿಕೊಂಡು, ಮನೆಯಿಂದ ನನಗೂ ಶೇಂಗಾ ಚಟ್ನಿ ಕಟ್ಟಿಸಿಕೊಂಡು ಬರತೊಡಗಿದರು. ಆ ಚಟ್ನಿಯನ್ನು ತಿಂದೆ ಕೂಡ. ನಾನು ಎಂಥ ಮನುಷ್ಯ ಎಂಬುದಕ್ಕೆ ಇಷ್ಟು ಸಾಕು.

ಯುರೋಪಿನಿಂದ ಬಂದ ಉತ್ತರ ಎರಡು ಸಾಲಿನದು. ತಾವು ಕೇಳಿದ ಸಂಗ್ರಹವಿದ್ದ ಕಟ್ಟಡದ ಆ ಭಾಗ ಯುದ್ಧದಲ್ಲಿ ಸುಟ್ಟುಹೋಗಿದೆ, ಪಟ್ಟಿಯೂ ಉಳಿದಿಲ್ಲ. ಲಾಹೋರಿನದು ತಡವಾಗಿ ಬಂತು, ಆದರೆ ಬರೆದವರು ಬಹಳ ಸಜ್ಜನರು. ಅವರು ಇಡೀ ಕಪಾಟನ್ನು ತಾವೇ ಹುಡುಕಿ ಕೊಳವೆಯನ್ನು ಪತ್ತೆ ಮಾಡಿದ್ದರು. ಚೀಟಿ ಸ್ಪಷ್ಟವಾಗಿದೆ, ನಿಮ್ಮ ಪೆನ್ಸಿಲ್ ಅಕ್ಷರ ಮೊನ್ನೆ ಬರೆದಂತಿದೆ, ಆದರೆ ದೇಶ ಒಡೆದ ಆ ಎರಡು ವರ್ಷ ಇಲ್ಲಿ ಜಾಡಿಗಳನ್ನು ನೋಡುವವರಿರಲಿಲ್ಲ, ಸ್ಪಿರಿಟ್ಟು ಆರಿಹೋಗಿ ಒಳಗೆ ಒಂದು ಚಿಟಿಕೆ ಕಂದು ಪುಡಿ ಮಾತ್ರ ಇದೆ, ಕ್ಷಮಿಸಬೇಕು ಎಂದು ಬರೆದಿದ್ದರು. ಚೀಟಿಯನ್ನು ಲಕೋಟೆಯಲ್ಲಿ ಇಟ್ಟು ಕಳಿಸಿದ್ದರು. ಅಲ್ಲಿ ಚೀಟಿ ಇತ್ತು, ಹುಳು ಇರಲಿಲ್ಲ. ಇಲ್ಲಿ ಹುಳು ಇತ್ತು, ಚೀಟಿ ಇರಲಿಲ್ಲ. ಇದು ನನಗೊಬ್ಬನಿಗೇ ಗೊತ್ತಿತ್ತು.

ಮಾಸ್ತರರು ಆ ಚೀಟಿಯನ್ನು ಮೇಜಿನ ಗಾಜಿನ ಕೆಳಗೆ ಇಟ್ಟರು. ಮೂರನೆಯ ದಿನ ಬಂದು, ದಹಿಸರ್ ಏನೂ ಎಲ್ಲಿಗೂ ಹೋಗಿಲ್ಲವಲ್ಲ, ಹೊಸದಾಗಿ ಹಿಡಿದರಾಯಿತು, ಅದೇ ಜಾಗದ್ದೆಂದರೆ ಇಂಗ್ಲೆಂಡಿನ ಸಾಹೇಬ ಒಪ್ಪಿಯಾನು ಎಂದರು. ಭಾನುವಾರ ನನ್ನನ್ನೂ ಕರೆದುಕೊಂಡು ಹೊರಟರು. ಲೋಕಲ್ಲಿನಲ್ಲಿ ಉದ್ದಕ್ಕೂ ಆ ತೋಟದ ಮಾತೇ. ಬಾವಿಯ ಹತ್ತಿರ ಒಂಬತ್ತು ನುಗ್ಗೆಮರ, ಮಾಲಿಕ ಒಳ್ಳೆಯವನು, ಹುಳ ಹಿಡಿಯುತ್ತಾರೆಂದು ಇವರಿಗೆ ಮಜ್ಜಿಗೆ ಕೊಡುತ್ತಿದ್ದ. ಹೋಗಿ ನೋಡಿದರೆ ಬಾವಿ ಇತ್ತು. ಮರಗಳಿದ್ದಲ್ಲಿ ಹೊಸ ಬಿಲ್ಡಿಂಗಿನ ಪಾಯ ಅಗೆದಿದ್ದರು. ನದಿಯ ಆಚೆ ಯಾರದೋ ಹಿತ್ತಲಲ್ಲಿ ಎರಡು ನುಗ್ಗೆಮರ ಸಿಕ್ಕಿದವು, ಕಾಂಡದ ತುಂಬ ಕಂಬಳಿಹುಳ. ಆ ಮನೆಯಾಕೆ ಸೀಮೆಎಣ್ಣೆ ಪಂಜು ಹಿಡಿದು ಸುಡಲು ಹೊರಟವಳು ಇವರ ಉತ್ಸಾಹ ನೋಡಿ ದಂಗಾಗಿ ನಿಂತಳು. ಬಿಸ್ಕತ್ತಿನ ಎರಡು ಡಬ್ಬಿ ತುಂಬ ಹುಳ ತಂದೆವು. ನನ್ನ ಕುತ್ತಿಗೆ, ಕೈ ಎಲ್ಲ ಮೂರು ದಿನ ತುರಿಸಿತು. ಅದು ನನಗೆ ಸಲ್ಲಬೇಕಾದದ್ದೇ.

ದಿನಾ ಬೆಳಿಗ್ಗೆ ಬಂದವರೇ ಟೋಪಿ ಕೂಡ ತೆಗೆಯದೆ ಡಬ್ಬಿಯ ಜಾಳಿಗೆ ಸರಿಸಿ ನೋಡುತ್ತಿದ್ದರು. ಒಂದಾದರೂ ಹುಳ ಮಂಕಾಗಲಿ, ಸೊಪ್ಪು ಬಿಡಲಿ, ಬೆನ್ನ ಮೇಲೆ ಬಿಳಿ ಅಕ್ಕಿಕಾಳು ಕಾಣಲಿ ಎಂದು. ಒಂದೂ ಕಾಯಿಲೆ ಬೀಳಲಿಲ್ಲ. ತಿಂದು ತಿಂದು ಕೊಬ್ಬಿದವು, ಗೂಡು ಸೇರಿದವು, ಒಂದು ವಾರದಲ್ಲಿ ಸಾಲಾಗಿ ಪತಂಗಗಳಾಗಿ ಹೊರಬಂದವು. ದೊಡ್ಡ, ದೃಢವಾದ, ಹಳದಿ ಕಂದು ರೆಕ್ಕೆಯ ಪತಂಗಗಳು. ಜವಾನರೆಲ್ಲ ನೋಡಲು ಬಂದರು, ದೊಡ್ಡ ಸಾಹೇಬರೂ ಬಂದು ಚಂದ ಇವೆ ಎಂದರು. ಮಾಸ್ತರರು ಕುರ್ಚಿಯಲ್ಲಿ ಕೂತು, ಮದುವೆಯ ಮನೆಯಲ್ಲಿ ಸಾವಿನ ಸುದ್ದಿ ಬಂದವರ ಹಾಗೆ, ನಗಲೂ ಆಗದೆ ಏಳಲೂ ಆಗದೆ ಇದ್ದರು. ಆ ಕಡೆ ಈಗ ಮನೆಮನೆಗೂ ಡಿ.ಡಿ.ಟಿ. ಹೊಡೆಯುತ್ತಾರೆ, ಮೊದಲು ಸಾಯುವವರು ಕಣಜದಂಥ ಸಣ್ಣವರೇ ಎಂದರು. ಕಿಟಕಿ ತೆಗೆದು ಪತಂಗಗಳನ್ನು ಬಿಟ್ಟರು.

ಅವರು ನಿವೃತ್ತರಾಗಲು ಮೂರು ತಿಂಗಳಿತ್ತು. ಇಂಗ್ಲೆಂಡಿನವನು ಕೊಟ್ಟ ವರ್ಷ ಮುಗಿಯಲು ಎರಡು ವಾರ. ಕಿಟಕಿಯ ಹತ್ತಿರ ನಿಂತ ಅವರ ಬೆನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಮರುದಿನ ಮಧ್ಯಾಹ್ನ ಜಾಡಿಯನ್ನು ತಂದು ಅವರ ಮೇಜಿನ ಮೇಲಿಟ್ಟೆ.

“ಸರ್, ನಾನೊಂದು ದೊಡ್ಡ ತಪ್ಪು ಮಾಡಿದ್ದೇನೆ,” ಎಂದೆ. “ನಿಮ್ಮ ದಹಿಸರಿನದ್ದು ಇದರಲ್ಲಿ ಉಂಟು. ಚೀಟಿ ಹೋಗಿದೆ. ಹೋಗುವ ಹಾಗೆ ಮಾಡಿದ್ದು ನಾನೇ.”

ಎಲ್ಲವನ್ನೂ ಹೇಳಿದೆ. ಒಂಬತ್ತು ತಿಂಗಳು ಮುಚ್ಚಿಟ್ಟದ್ದನ್ನೂ ಹೇಳಿದೆ. ಅವರು ಬೈಯುತ್ತಾರೆ, ಹೊಡೆದರೂ ಹೊಡೆಯಲಿ ಎಂದು ನಿಂತಿದ್ದೆ. ಅವರು ಕೇಳಿದ್ದು ಒಂದೇ ಮಾತು: “ಯಾವಾಗ ಬರದ್ರಿ?” ನೀವು ಅಮ್ಮನ ಕಾರ್ಯಕ್ಕೆ ಊರಿಗೆ ಹೋಗಿದ್ದಾಗ ಎಂದೆ. ಅವರು ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿದರು, ಮತ್ತೆ ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು.

ಆಮೇಲೆ ಕೆಲಸಕ್ಕೆ ಕೂತರು. ಚೀಟಿಗಳನ್ನು ಚಿಮಟದಿಂದ ಹೊರತೆಗೆದು, ಒಣಗಿಸಿ, ಒಂದೊಂದನ್ನೂ ಓರೆಯಾಗಿ ಕಿಟಕಿಯ ಬಿಸಿಲಿಗೆ ಹಿಡಿದು ಲೆನ್ಸಿನಲ್ಲಿ ನೋಡಿದರು. ಶಾಯಿ ಹೋದರೂ ಪೆನ್ನು ಒತ್ತಿದ ತಗ್ಗು ಕಾಗದದ ಮೇಲೆ ಉಳಿದಿರುತ್ತದೆಂಬ ಆಸೆ. ಹದಿನಾರನ್ನೂ ನೋಡಿ ಕೆಳಗಿಟ್ಟರು. ನಿಮ್ಮ ಕೈ ಭಾಳ ಹಗುರ ಐತ್ರಿ ಎಂದರು. ಅದನ್ನು ಬೈಗುಳದಂತೆ ಹೇಳಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಹದಿನಾರರಲ್ಲಿ ಹದಿಮೂರನ್ನು ಅವರು ಬೇಗ ಬದಿಗೆ ಸರಿಸಿದರು, ಅವು ಬೇರೆ ಜಾತಿಯವು. ಉಳಿದದ್ದು ಮೂರು ಕೊಳವೆ. ಎರಡು ದಿನ ಅವುಗಳ ಮೇಲೆ ಬಗ್ಗಿದ್ದರು. ಮೂರನೆಯ ದಿನ ನನ್ನನ್ನು ಕರೆದು ಮೈಕ್ರೋಸ್ಕೋಪಿನಲ್ಲಿ ನೋಡಲು ಹೇಳಿದರು. ಎರಡು ಕೊಳವೆಯ ಕಣಜಗಳ ಬೆನ್ನು ನುಣುಪು. ಉಳಿದೊಂದರಲ್ಲಿದ್ದವಕ್ಕೆ, ನನ್ನಂಥ ಕುರುಡನಿಗೂ ಕಾಣುವ ಹಾಗೆ, ಮೂರನೆಯ ಪಟ್ಟಿಯ ಮೇಲೆ ಬಾಚಣಿಗೆಯಿಂದ ಎಳೆದಂಥ ಗೆರೆಗಳು.

ನಾನು ತಲೆಯೆತ್ತಿದೆ. ಇದೇ ಅಲ್ಲವಾ ಸರ್, ಇದೇ ನಿಮ್ಮದು ಎಂದೆ. ಸಿಲೋನಿನದ್ದಕ್ಕೆ ಗೆರೆ ಇಲ್ಲ, ಇದಕ್ಕೆ ಇದೆ, ನಿಮ್ಮ ನೆನಪು ಸರಿ, ಹೆಸರು ಉಳಿಯಿತು ಎಂದು ಏನೇನೋ ಹೇಳಿದೆ. ಗಾಜಿನ ಕೆಳಗಿದ್ದ ಲಾಹೋರಿನ ಚೀಟಿಯನ್ನು ತೆಗೆದು ಇದಕ್ಕೆ ಹಾಕಿಬಿಡಿ, ನಿಮ್ಮದೇ ಅಕ್ಷರ, ನಿಮ್ಮದೇ ಹುಳು, ಯಾರಿಗೆ ಗೊತ್ತಾಗುತ್ತದೆ ಎಂದೂ ಹೇಳಿದೆ.

ಅವರು ಆ ಗೆರೆಯ ಕಣಜದ ಕೊಳವೆಯನ್ನು ಎತ್ತಿ ನನ್ನ ಮುಂದೆ ಹಿಡಿದರು. “ನೀವು ಬರದ ದಹಿಸರ್ ಚೀಟಿ ಈ ಕೊಳವಿಗೇ ಹಾಕಿದ್ರೇನು?” ಎಂದು ಕೇಳಿದರು. “ನೆನಪ ಮಾಡಿ ಹೇಳ್ರಿ. ನೀವು ಹೂಂ ಅಂದ್ರ ನಾ ಬರೀತೀನಿ.”

ಹೂಂ ಎನ್ನಲು ನನಗೆ ಎಷ್ಟು ಹೊತ್ತು ಬೇಕಿತ್ತು? ಒಂದು ಉಸಿರು. ಅವರು ಕಾಯುತ್ತಿದ್ದರು, ಜಾಳಿಗೆ ಸರಿಸಿ ಹುಳ ನೋಡುತ್ತಿದ್ದಾಗ ಇರುತ್ತಿದ್ದ ಅದೇ ಮುಖ. ಆದರೆ ನನಗೆ ನೆನಪಿದ್ದದ್ದು ಡಿ ಅಕ್ಷರ ಮಾತ್ರ. ಆ ಚೀಟಿ ಯಾವ ಕೊಳವೆಗೆ ಹೋಯಿತು ಎಂದು ನಾನು ನೋಡಿಯೇ ಇರಲಿಲ್ಲ, ನಾನು ನೋಡಿದ್ದು ನನ್ನ ಅಕ್ಷರವನ್ನು. ಒಂಬತ್ತು ತಿಂಗಳು ಸುಳ್ಳಿನಲ್ಲಿ ಕಳೆದವನ ಬಾಯಿಂದ, ಸುಳ್ಳು ಬೇಕಾಗಿದ್ದ ಆ ಒಂದು ಗಳಿಗೆಯಲ್ಲಿ, ನಿಜ ಬಂತು.

“ನೆನಪಿಲ್ಲ ಸರ್,” ಎಂದೆ.

ಅವರು ತಲೆದೂಗಿದರು. ಇರಬಹುದು, ಇರಲಿಕ್ಕಿಲ್ಲ ಎಂದರು, ಗೆರೆ ಇರುವುದು ಖಂಡಾಲೆಯದೋ ಕಾರವಾರದ್ದೋ ಯಾರೋ ಹಿಡಿದದ್ದಿದ್ದರೂ ಇರಬಹುದು, ಊರಿಲ್ಲದ ಹುಳುವಿಗೆ ನಮ್ಮವ್ವನ ಹೆಸರು ಕೊಡುವುದು ಹೇಗೆ ಎಂದರು. ಇಂಗ್ಲೆಂಡಿಗೆ ಆವತ್ತೇ ಪತ್ರ ಟೈಪ್ ಮಾಡಿಸಿದರು: ಮೂಲ ಮಾದರಿ ಎಲ್ಲಿಯೂ ಸಿಗಲಿಲ್ಲ, ತಮಗೆ ಸರಿಕಂಡಂತೆ ಮಾಡಬಹುದು. ನನ್ನ ಹೆಸರನ್ನಾಗಲಿ, ಚೀಟಿಯ ಕತೆಯನ್ನಾಗಲಿ ಅದರಲ್ಲಿ ಹಾಕಿಸಲಿಲ್ಲ.

ಪತ್ರಕ್ಕೆ ಸಹಿ ಹಾಕಿ, ಮೂರು ಕೊಳವೆಗಳನ್ನು ನನ್ನ ಮುಂದೆ ಸರಿಸಿದರು. ಹಾಗೇ ಬಿಟ್ಟರೆ ನಾಳೆ ಇನ್ನಾರೋ ಬಂದು ಮನಸ್ಸಿಗೆ ಬಂದ ಊರು ಬರೆದಾರು, ಹೊಸ ಚೀಟಿ ಬೇಕು ಎಂದರು. ಕಾಗದ ಕತ್ತರಿಸಿಕೊಟ್ಟರು. ಕಿವಿಯ ಮೇಲಿನ ಪೆನ್ಸಿಲ್ ತೆಗೆದು ನನ್ನ ಕೈಗೆ ಕೊಟ್ಟರು. ನೀವೇ ಬರೆಯಿರಿ ಸರ್ ಎಂದೆ. ನಿಮ್ಮ ಅಕ್ಷರ ಛಲೋ ಅದಾವ ಎಂದರು.

ಗೆರೆಯ ಕಣಜದ ಚೀಟಿಯನ್ನು ಮೊದಲು ತೆಗೆದುಕೊಂಡೆ. ಊರು ಎಂದು ಬರೆದು, ಗೊತ್ತಿಲ್ಲ ಎಂದು ಬರೆದೆ. ತಾರೀಕು, ಗೊತ್ತಿಲ್ಲ. ಹಿಡಿದವರು ಎಂದು ಬರೆದ ಮೇಲೆ ಪೆನ್ಸಿಲ್ ಮುಂದೆ ಹೋಗಲಿಲ್ಲ. ಎದುರಿಗೆ, ಮೇಜಿನ ಆಚೆ, ಒಂದು ಮೊಳ ದೂರದಲ್ಲಿ ಅವರು ಕೂತಿದ್ದರು.

“ಗೊತ್ತಿಲ್ಲ ಅಂತ ಬರೀರಿ, ಶೆಟ್ಟರ,” ಎಂದರು. “ಸ್ವಲ್ಪ ಒತ್ತಿ ಬರೀರಿ.”